ಹೊಂಗೆ ಮರದ ಕೆಳಗೆ ಹತ್ತು ನಿಮಿಷ

2020ರಲ್ಲಿ ಯುಗಾದಿ ಬಿದ್ದದ್ದು ಮಾರ್ಚ್ 25ರಂದು. ಹಿಂದಿನ ರಾತ್ರಿ ಎಂಟಕ್ಕೆ ಪ್ರಧಾನಿ ಟಿವಿಗೆ ಬಂದು ಲಾಕ್‌ಡೌನ್ ಘೋಷಿಸಿದರು. ಬೆಳಗ್ಗೆ ಎದ್ದು ಬೇವುಬೆಲ್ಲ ತಿಂದ ಊರಿಗೆಲ್ಲ ಹಾಲಿನ ಚಿಂತೆ, ತರಕಾರಿ ಚಿಂತೆ. ನಾಯಿ ಸಾಕಿದವರಿಗೆ ಮಾತ್ರ ಇನ್ನೊಂದು ಚಿಂತೆ ಬಾಗಿಲ ಹತ್ತಿರ ಬಾಲ ಅಲ್ಲಾಡಿಸುತ್ತಾ ನಿಂತಿತ್ತು. ಅದಕ್ಕೆ ಪ್ರಧಾನಿಯೂ ಗೊತ್ತಿಲ್ಲ, ವೈರಸ್ಸೂ ಗೊತ್ತಿಲ್ಲ. ಗೊತ್ತಿರುವುದು ಒಂದೇ, ಆರು ಗಂಟೆಗೆ ಹಗ್ಗ ಹಾಕಿಕೊಂಡು ಹೊರಡಬೇಕು.

ಆ ವರ್ಷ ಮತ್ತು ಮರುವರ್ಷ, ಎರಡು ವಸಂತಗಳು ಹೀಗೇ ಹೋದವು. ಹೊರಗಿರಬಹುದಾದ ಹೊತ್ತು ಕಮ್ಮಿ, ಹೋಗಬಹುದಾದ ದೂರ ಕಮ್ಮಿ, ಮೇಲಿಂದ ಬಿಸಿಲು. ಈಗ ಯಾಕೆ ಆ ಮಾತು ಅಂತ ನೀವು ಕೇಳಬಹುದು. ಮನೆಯಲ್ಲಿ ಒಬ್ಬರು ಕಾಲು ಮುರಿದುಕೊಂಡರೆ, ಮಕ್ಕಳಿಗೆ ಪರೀಕ್ಷೆ ಬಂದರೆ, ನೈಟ್ ಶಿಫ್ಟ್ ಬಿದ್ದರೆ, ನಿಮ್ಮ ನಾಯಿಯ ಪಾಲಿಗೆ ಅದೂ ಲಾಕ್‌ಡೌನೇ. ಅರ್ಧ ಗಂಟೆ, ಒಂದು ಬೀದಿ, ಒಂದು ತಾರಸಿ. ಇಷ್ಟರಲ್ಲೇ ನಾಯಿಗೆ ತೃಪ್ತಿಯಾಗುತ್ತದೆಯೇ? ಆಗುತ್ತದೆ. ಆದರೆ ನಡಿಗೆಯನ್ನು ಕಿಲೋಮೀಟರಿನಲ್ಲಿ ಅಳೆಯುವುದನ್ನು ಬಿಡಬೇಕು.

ಮೊದಲು ಹೊತ್ತಿನ ವಿಷಯ ಮುಗಿಸಿಬಿಡೋಣ. 2020ರ ಮೇ 4ರಿಂದ ಸಂಜೆ ಏಳರಿಂದ ಬೆಳಗ್ಗೆ ಏಳರವರೆಗೆ ಹೊರಗೆ ಓಡಾಡುವ ಹಾಗಿರಲಿಲ್ಲ. ಮೇ ತಿಂಗಳಲ್ಲಿ ಮೈಸೂರಿನಲ್ಲಿ ಆರಕ್ಕೆ ಮುಂಚೆಯೇ ಸೂರ್ಯ ಹುಟ್ಟುತ್ತಾನೆ. ಅಂದರೆ ನಾಯಿಗೆ ಬೇಕಾದ ತಂಪು ಹೊತ್ತೆಲ್ಲ ಕರ್ಫ್ಯೂ ಒಳಗೇ ಕಳೆದುಹೋಗುತ್ತಿತ್ತು. 2021ರಲ್ಲಿ ಇದು ತಿರುಗುಮುರುಗಾಯಿತು. ಆಗ ಅಂಗಡಿ ತೆರೆಯಲು ಕೊಟ್ಟ ಹೊತ್ತು ಬೆಳಗ್ಗೆ ಆರರಿಂದ ಹತ್ತು. ಹಾಲು ತರುವ ನೆಪಕ್ಕೆ ನಾಯಿಯೂ ಜೊತೆಗೆ ಹೊರಟಿತು. ಈ ಎರಡರಲ್ಲಿ ನಾಯಿಗೆ ಒಗ್ಗಿದ್ದು ಎರಡನೆಯದು. ಯುಗಾದಿಯಿಂದ ಮೊದಲ ದೊಡ್ಡ ಮಳೆಯವರೆಗೆ ಬೆಳಗ್ಗೆ ಎಂಟೂವರೆ ಒಳಗೆ ಮನೆ ಸೇರಬೇಕು. ಸಂಜೆ ಆರೂಕಾಲಿಗೆ ಮುಂಚೆ ಟಾರು ರೋಡಿಗೆ ಕಾಲಿಡಬಾರದು. ಬಿಸಿಲು ಇಳಿದ ಕೂಡಲೇ ಗಾಳಿ ತಣ್ಣಗಾಗುತ್ತದೆ, ಟಾರು ಆಗುವುದಿಲ್ಲ. ಮಧ್ಯಾಹ್ನವೆಲ್ಲ ಕುಡಿದ ಕಾವನ್ನು ಅದು ಸಂಜೆ ಕಕ್ಕುತ್ತಿರುತ್ತದೆ. ಬಿಸಿಲಿನ ದಿನ ಟಾರಿನ ಮೇಲ್ಮೈ 50 ಡಿಗ್ರಿ ದಾಟುವುದು ಸಾಮಾನ್ಯ. ಅಂಗೈ ಇಟ್ಟು ನೋಡಿದರೆ ಸಾಲದು, ಕೆಲಸ ಮಾಡಿದ ಕೈಗೆ ಬಿಸಿ ಅಷ್ಟಾಗಿ ಗೊತ್ತಾಗುವುದಿಲ್ಲ. ಹಿಂಗೈ ಇಡಿ. ಏಳು ಎಣಿಸುವಷ್ಟು ಹೊತ್ತು ಇಟ್ಟುಕೊಳ್ಳಲು ಆಗದಿದ್ದರೆ ನಾಯಿಯ ಪಾದಕ್ಕೂ ಆ ರಸ್ತೆ ಬೇಡ.

ಈಗ ಮುಖ್ಯ ವಿಷಯಕ್ಕೆ ಬರುತ್ತೇನೆ, ಮೂಗು. ನಮ್ಮ ಮೂಗಿನೊಳಗೆ ವಾಸನೆ ಹಿಡಿಯುವ ಜೀವಕೋಶಗಳು ಸುಮಾರು 50ರಿಂದ 60 ಲಕ್ಷ. ನಾಯಿಗೆ ತಳಿಯ ಮೇಲೆ 10 ಕೋಟಿಯಿಂದ 30 ಕೋಟಿ. ಅದು ಮೂಸುವಾಗ ಸೆಕೆಂಡಿಗೆ ಐದಾರು ಸಲ ಗಾಳಿ ಎಳೆಯುತ್ತದೆ. ಒಳಗೆ ಹೋಗುವ ಗಾಳಿ ಹೊಳ್ಳೆಯ ಮುಂದಿನಿಂದ, ಹೊರಗೆ ಬರುವುದು ಪಕ್ಕದ ಸೀಳಿನಿಂದ. ಹಾಗಾಗಿ ಬಿಟ್ಟ ಉಸಿರು ಹೊಸ ವಾಸನೆಯನ್ನು ಕೆದಕುವುದಿಲ್ಲ. ಹೊಳ್ಳೆಯ ಪಕ್ಕದಲ್ಲಿ ಆ ಅಲ್ಪವಿರಾಮದಂಥ ಸೀಳನ್ನು ಇವತ್ತು ಮನೆಗೆ ಹೋಗಿ ನೋಡಿ. ನೆಲದ ಧೂಳಿನಲ್ಲಿ ಮೂಸುತ್ತಿರುವಾಗ ನೋಡಿದರೆ ಮೂಗಿನ ಎರಡು ಪಕ್ಕಕ್ಕೂ ಸಣ್ಣದಾಗಿ ಧೂಳೇಳುವುದು ಕಾಣುತ್ತದೆ.

ಹೀಗಿರುವ ಪ್ರಾಣಿಯನ್ನು ನಾವು ‘ಬಾ ಬಾ, ಸಾಕು ಬಾ’ ಅಂತ ಎಳೆದುಕೊಂಡು ಹೋಗುತ್ತೇವೆ. ಪೇಪರ್ ಓದುತ್ತಿರುವವರ ಕೈಯಿಂದ ಪ್ರತಿ ಪುಟದ ಅರ್ಧಕ್ಕೆ ಕಿತ್ತುಕೊಂಡ ಹಾಗೆ. 2019ರಲ್ಲಿ ಪ್ರಕಟವಾದ ಒಂದು ಅಧ್ಯಯನದಲ್ಲಿ ಸಾಕುನಾಯಿಗಳನ್ನು ಎರಡು ಗುಂಪು ಮಾಡಿದ್ದರು. ಒಂದು ಗುಂಪಿಗೆ ಎರಡು ವಾರ ಮೂಸಿ ಹುಡುಕುವ ಆಟ, ಇನ್ನೊಂದಕ್ಕೆ ಯಜಮಾನನ ಪಕ್ಕದಲ್ಲೇ ನಡೆಯುವ ಅಭ್ಯಾಸ. ಆಮೇಲೆ, ತಿಂಡಿ ಇದೆಯೋ ಇಲ್ಲವೋ ಖಚಿತವಿಲ್ಲದ ಬಟ್ಟಲನ್ನು ಇಟ್ಟು ನೋಡಿದರು. ಮೂಸುವ ಗುಂಪಿನ ನಾಯಿಗಳು ಮೊದಲಿಗಿಂತ ಬೇಗ ಅದರ ಕಡೆ ಹೋದವು. ಇದ್ದೀತು ಅನ್ನುವ ಭರವಸೆ ಅವುಗಳಲ್ಲಿ ಹೆಚ್ಚಿತ್ತು. ಪಕ್ಕದಲ್ಲಿ ನಡೆದ ಗುಂಪಿನಲ್ಲಿ ಆ ಬದಲಾವಣೆ ಕಾಣಲಿಲ್ಲ.

ಹಾಗಾದರೆ ಹೊಂಗೆ ಮರಕ್ಕೆ ಹೋಗೋಣ. ನಮ್ಮ ಬಡಾವಣೆಗಳಲ್ಲಿ ಹತ್ತು ಮನೆಗೊಂದು ಹೊಂಗೆಯಾದರೂ ಇದೆ. ಬೇಸಿಗೆ ಶುರುವಾಗುವ ಹೊತ್ತಿಗೆ ಹಳೆ ಎಲೆ ಉದುರಿಸಿ, ಎಣ್ಣೆ ಸವರಿದಂಥ ಎಳೆ ಹಸಿರು ಹೊದ್ದು ನಿಂತಿರುತ್ತದೆ. ಏಪ್ರಿಲ್ ಹೊತ್ತಿಗೆ ನಸುಗೆಂಪು ಬೆರೆತ ಬಿಳಿ ಹೂ ಕೆಳಗೆಲ್ಲ ಅರಳು ಚೆಲ್ಲಿದ ಹಾಗೆ. ಊರಿನ ಬೇರೆಲ್ಲ ನೆಲ ಕಾದಿರುವಾಗ ಆ ಅಡಿಯ ಮಣ್ಣು ತಣ್ಣಗಿರುತ್ತದೆ. ರಾತ್ರಿ ಅಲ್ಲಿ ಬೆಕ್ಕು ಹಾದಿರುತ್ತದೆ, ಹೆಗ್ಗಣ ಹಾದಿರುತ್ತದೆ, ಬೀದಿನಾಯಿ ಬುಡಕ್ಕೆ ಸಹಿ ಹಾಕಿ ಹೋಗಿರುತ್ತದೆ.

ಮಾಡಬೇಕಾದದ್ದು ಇಷ್ಟು. ಹಗ್ಗ ಎರಡೂವರೆಯಿಂದ ಮೂರು ಮೀಟರ್ ಇರಲಿ, ಹತ್ತಿಯದ್ದಾದರೆ ಒಳ್ಳೆಯದು. ನೈಲಾನು ಜಾರಿದರೆ ಕೈ ಕುಯ್ಯುತ್ತದೆ. ಕಬ್ಬಿಣದ ಚೈನು ಬೇಡ, ಅದರ ತೂಕಕ್ಕೇ ತಲೆ ಮೇಲೆತ್ತಿಕೊಂಡು ನಡೆಯುವ ನಾಯಿಗಳಿವೆ. ಕೊರಳಪಟ್ಟಿಗಿಂತ ಎದೆಗೆ ಹಾಕುವ ಪಟ್ಟಿ ವಾಸಿ, ಮೂಗು ಕೆಳಗಿಟ್ಟಾಗ ಗಂಟಲು ಹಿಚುಕುವುದಿಲ್ಲ. ಮರದ ಹತ್ತಿರ ಬಂದ ಮೇಲೆ ನೀವು ನಿಂತುಬಿಡಿ. ಹಗ್ಗ ಸಡಿಲವಾಗಿ, ಹಲ್ಲಿಲ್ಲದವರು ನಗುವ ಬಾಯಿಯ ಹಾಗೆ ಕೆಳಗೆ ಬಾಗಿರಬೇಕು. ನಾಯಿ ಬುಡವನ್ನು ಎಡಗಡೆಯಿಂದ ಸುತ್ತುತ್ತದೋ ಬಲಗಡೆಯಿಂದಲೋ, ಅದರ ಇಷ್ಟ. ನೀವು ಸುಮ್ಮನೆ ಅದರ ಹಿಂದೆ ಸುತ್ತಿ, ಹಗ್ಗ ಮರಕ್ಕೆ ಸುತ್ತಿಕೊಳ್ಳದಿದ್ದರೆ ಸಾಕು. ಮೊಬೈಲು ಜೇಬಿನಲ್ಲಿರಲಿ. ಮೊದಲ ದಿನ ಅದು ನಿಮ್ಮ ಮುಖ ನೋಡುತ್ತದೆ, ಈಗ ಎಳೆಯುತ್ತಾರೆ ಅಂತ. ಮೂರು ನಾಲ್ಕು ದಿನದಲ್ಲಿ ಆ ಅಭ್ಯಾಸ ಬಿಡುತ್ತದೆ.

ಒಂದೇ ಜಾಗವನ್ನು ನಿಮಿಷಗಟ್ಟಲೆ ಮೂಸಿ, ಕೊನೆಗೆ ಒಮ್ಮೆ ಫೂ ಅಂತ ಸೀನಿದ ಹಾಗೆ ಗಾಳಿ ಬಿಟ್ಟು ತಲೆ ಎತ್ತಿದರೆ ಆ ಪುಟ ಮುಗಿಯಿತು ಅಂತ. ಆಗ ಹೊರಡಿ. ಇಪ್ಪತ್ತು ನಿಮಿಷದ ನಡಿಗೆಯಲ್ಲಿ ಇಂಥ ನಾಲ್ಕು ಜಾಗ ಸಿಕ್ಕರೆ, ಮನೆಗೆ ಬಂದು ನೀರು ಕುಡಿದು ಕಾಲು ಚಾಚಿ ಮಲಗುತ್ತದೆ. ಓಡಾಡಿಸಿಯೇ ದಣಿಸಬೇಕೆಂದು ದಿನಾ ನಾಲ್ಕು ಕಿಲೋಮೀಟರ್ ಓಡಿಸಿದರೆ ನಾಯಿಗೆ ಕಸುವು ಬರುತ್ತದೆ, ಮುಂದಿನ ತಿಂಗಳು ಅದಕ್ಕೆ ಆರು ಬೇಕಾಗುತ್ತದೆ. ಮುಧೋಳದಂಥ ಓಟದ ತಳಿಗೆ ಮಾತ್ರ ಮೂಸುವುದರ ಜೊತೆಗೆ ಬಯಲಲ್ಲಿ ಎರಡು ಮೂರು ಜೋರು ಓಟ ಬೇಕೇ ಬೇಕು. ಬಯಲಿಗೆ ಸುತ್ತ ಬೇಲಿಯೂ ಬೇಕು.

ಇಲ್ಲಿ ತಪ್ಪಾಗುವುದು ಎಲ್ಲಿ? ಉದುರಿದ ಹೂವಿನ ಮೇಲೆ ಜೇನು ಕೂತಿರುತ್ತದೆ. ಪಾದಕ್ಕೆ ಚುಚ್ಚಿದರೆ ನಾಯಿ ತಟ್ಟನೆ ಕಾಲೆತ್ತಿ ನೆಕ್ಕಲು ಶುರು ಮಾಡುತ್ತದೆ. ಕೊಂಡಿ ಕಂಡರೆ ಉಗುರಿನಿಂದ ಅಥವಾ ಕಾರ್ಡಿನ ಅಂಚಿನಿಂದ ತಕ್ಷಣ ಕೆರೆದು ತೆಗೆಯಿರಿ, ತಣ್ಣೀರು ಬಟ್ಟೆ ಒತ್ತಿ. ಮುಖ ಊದಿಕೊಂಡರೆ, ಉಸಿರಿನಲ್ಲಿ ಶಬ್ದ ಬಂದರೆ, ಮೇಲಿಂದ ಮೇಲೆ ವಾಂತಿಯಾದರೆ ಮನೆಮದ್ದು ಮಾಡುತ್ತಾ ಕೂರಬೇಡಿ, ವೈದ್ಯರ ಹತ್ತಿರ ಹೊರಡಿ. ಲಾಕ್‌ಡೌನಿನಲ್ಲೂ ಪಶು ಆಸ್ಪತ್ರೆಗಳಿಗೆ ವಿನಾಯಿತಿ ಇತ್ತು. ಅದು ತಿಳಿಯದೆ ಮನೆಯಲ್ಲೇ ಕಾದು ಕೂತವರು ಬಹಳ.

ಮರದ ಮಾತು ಬಂದಿದ್ದರಿಂದ ಸ್ವಲ್ಪ ದಾರಿ ತಪ್ಪುತ್ತೇನೆ. ಮೈಸೂರಿನ ರಸ್ತೆಗಳಲ್ಲಿ ವಸಂತವೆಂದರೆ ನಮಗೆ ಬಣ್ಣ. ಮೊದಲು ಜಕರಾಂಡದ ನೀಲಿ, ಆಮೇಲೆ ಕಕ್ಕೆಯ ಹಳದಿ, ಮೇ ತಿಂಗಳಿಗೆ ಗುಲ್‌ಮೊಹರ್ ಕೆಂಪು. ನಾಯಿಗೆ ಈ ಮೂರರಲ್ಲಿ ಎರಡು ಮಾತ್ರ ಲಭ್ಯ. ನಾಯಿಯ ಕಣ್ಣು ನೀಲಿಯನ್ನೂ ಹಳದಿಯನ್ನೂ ಬೇರೆ ಮಾಡುತ್ತದೆ, ಕೆಂಪು ಅದಕ್ಕೆ ಮಂಕು ಕಂದು. ಹಸಿರು ಹಳದಿಯ ಕಡೆಗೆ ವಾಲುತ್ತದೆ. ಇಡೀ ಊರು ಫೋಟೋ ತೆಗೆಯುವ ಗುಲ್‌ಮೊಹರ್ ನಾಯಿಗೆ ಒಣಗಿದ ಮರವಿದ್ದ ಹಾಗೆ. ಇದರಿಂದ ಉಪಯೋಗ ಏನೆಂದರೆ, ಹುಲ್ಲಿನ ಮೇಲೆ ಆಡಲು ಕೆಂಪು ಚೆಂಡು ಕೊಳ್ಳಬೇಡಿ. ಉರುಳುವಾಗ ಕಾಣುತ್ತದೆ, ನಿಂತರೆ ಕಳೆದುಹೋಗುತ್ತದೆ. ಪಾಪದ ಪ್ರಾಣಿ ಕಣ್ಣಮುಂದೆ ಇದ್ದದ್ದನ್ನು ಹುಡುಕುತ್ತಿರುತ್ತದೆ, ನಾವು ದಡ್ಡ ಅನ್ನುತ್ತೇವೆ. ನೀಲಿ ಚೆಂಡು ತನ್ನಿ.

ಹೊರಗಿನಿಂದ ಬಂದ ಮೇಲೆ ಪಾದ ತೊಳೆಯುವ ವಿಷಯ. ಕೊರೋನಾ ಹೊತ್ತಿನಲ್ಲಿ ನಾಯಿಯ ಕಾಲಿಗೂ ಸ್ಯಾನಿಟೈಸರ್ ಹಚ್ಚಿದವರಿದ್ದರು. ಅದರಲ್ಲಿ ನೂರಕ್ಕೆ 60-70 ಪಾಲು ಆಲ್ಕೋಹಾಲ್. ಪಾದದ ಚರ್ಮ ಒಡೆಯುತ್ತದೆ, ನಾಯಿ ಅದನ್ನು ನೆಕ್ಕಿ ಹೊಟ್ಟೆಗೂ ಸೇರಿಸಿಕೊಳ್ಳುತ್ತದೆ. ಬೀದಿಗೆ ಬ್ಲೀಚಿಂಗ್ ದ್ರಾವಣ ಸಿಂಪಡಿಸಿದ್ದ ದಿನಗಳಲ್ಲಂತೂ ತೊಳೆಯದೆ ಬಿಟ್ಟರೂ ಕಷ್ಟವೇ. ಒಂದು ಮಗ್ಗು ನೀರು, ಎರಡು ಹನಿ ಮೃದುವಾದ ಶಾಂಪೂ, ಒಂದೊಂದೇ ಪಾದ ಅದ್ದಿ, ಬರೀ ನೀರಲ್ಲಿ ತೊಳೆದು, ಬೆರಳ ಸಂದು ಒರೆಸಿದರೆ ಆಯಿತು. ಒರೆಸುವುದು ತೊಳೆಯುವುದಕ್ಕಿಂತ ಮುಖ್ಯ, ಸಂದಿನಲ್ಲಿ ತೇವ ನಿಂತರೆ ಎರಡು ದಿನದಲ್ಲಿ ಕೆಂಪಾಗಿ ವಾಸನೆ ಬರುತ್ತದೆ. ನೆಲ ಒರೆಸಿದ ಫಿನಾಯಿಲ್ ಆರುವ ತನಕ ನಾಯಿಯನ್ನು ಆ ಕೋಣೆಗೆ ಬಿಡಬೇಡಿ.

ಹೊರಗೆ ಹೋಗಲು ಆಗದ ದಿನಕ್ಕೆ ಎಲೆ ಡಬ್ಬ. ಕಾಸು ಖರ್ಚಿಲ್ಲದ ಆಟ ಇದು. ಟಿವಿಯದ್ದೋ ಮಿಕ್ಸಿಯದ್ದೋ ರಟ್ಟಿನ ಡಬ್ಬ ತೆಗೆದುಕೊಳ್ಳಿ, ಅಂಚು ನಾಯಿಯ ಮೊಣಕಾಲಿಗಿಂತ ಎತ್ತರ ಬೇಡ. ಪಿನ್ನು, ಟೇಪು ಒಂದನ್ನೂ ಬಿಡದೆ ಕೀಳಿ. ಉದುರಿದ ಒಣ ಹೊಂಗೆ ಎಲೆ, ಮಾವಿನ ಎಲೆ ಮುಕ್ಕಾಲು ಭಾಗ ತುಂಬಿ. ಕಣಗಿಲೆ ಎಲೆ ಒಂದೂ ಸೇರಬಾರದು, ಒಣಗಿದರೂ ಅದರ ವಿಷ ಹೋಗುವುದಿಲ್ಲ, ಹೃದಯಕ್ಕೆ ಹೊಡೆಯುತ್ತದೆ. ಉಪ್ಪು ಹಾಕದೆ ಬೇಯಿಸಿದ ಕೋಳಿಯನ್ನೋ, ಮಾಂಸ ತಿನ್ನದ ಮನೆಯಾದರೆ ಪನೀರನ್ನೋ ಕಡಲೆಕಾಳಿನಷ್ಟು ಸಣ್ಣಗೆ ಹತ್ತು ಹನ್ನೆರಡು ಚೂರು ಮಾಡಿ. ಮೊದಲ ದಿನ ಎಲೆಯ ಮೇಲೇ ಕಾಣುವ ಹಾಗೆ ಹಾಕಿ. ಎರಡನೇ ದಿನ ಒಂದು ಪದರ ಕೆಳಗೆ. ನಾಲ್ಕನೇ ದಿನಕ್ಕೆ ತಳಕ್ಕೆ. ಮೊದಲ ದಿನವೇ ತಳಕ್ಕೆ ಹಾಕಿದರೆ ಅರ್ಧ ನಾಯಿಗಳು ಒಂದು ಸಲ ಮೂಸಿ, ನಿಮ್ಮ ಮುಖ ನೋಡಿ, ಹೋಗಿ ಮಲಗುತ್ತವೆ. ಇನ್ನರ್ಧ ಡಬ್ಬವನ್ನೇ ಹರಿದು ತಿನ್ನುತ್ತವೆ. ರಟ್ಟು ಹರಿದರೆ ಪರವಾಗಿಲ್ಲ, ನುಂಗಿದರೆ ಆಟ ಅಲ್ಲಿಗೆ ನಿಲ್ಲಿಸಿ.

ಮೈಸೂರಿನ ಬೇಸಿಗೆಯಲ್ಲಿ ಇದಕ್ಕೆ ಒಂದೇ ಶತ್ರು, ಇರುವೆ. ತಿಂಡಿ ಬಚ್ಚಿಟ್ಟು ನೀವು ಫೋನಿಗೆ ಹೋದರೆ ಹಿಂತಿರುಗುವಷ್ಟರಲ್ಲಿ ಸಾಲು ಹಿಡಿದಿರುತ್ತದೆ. ಹಾಕಿದ ಕೂಡಲೇ ನಾಯಿಯನ್ನು ಬಿಡಬೇಕು, ಮುಗಿದ ಕೂಡಲೇ ಎಲೆ ಒದರಿ ಬಿಸಿಲಿಗೆ ಹರಡಬೇಕು.

ತಾರಸಿಗೆ ಕರೆದೊಯ್ಯುವವರು ಬಿಸಿಲು ಪೂರ್ತಿ ಇಳಿದ ಮೇಲೆ ಹೋಗಿ. ಕಟ್ಟೆ ನಾಯಿಯ ಬೆನ್ನಿನ ಎರಡರಷ್ಟಾದರೂ ಎತ್ತರವಿರಲಿ, ಕಾಗೆಯ ಹಿಂದೆ ಹಾರಿದ ನಾಯಿಗೆ ಮಹಡಿ ನೆನಪಿರುವುದಿಲ್ಲ. ಇನ್ನೊಂದು, ಲಾಕ್‌ಡೌನಿನಲ್ಲಿ ಎಲ್ಲರೂ ತಾರಸಿಯಲ್ಲಿ ಗಿಡ ಹಾಕಿದರು, ಅದು ಇನ್ನೂ ನಡೆಯುತ್ತಿದೆ. ಕುಂಡಕ್ಕೆ ಹಾಕುವ ಹರಳು ಹಿಂಡಿ ನಾಯಿಗೆ ಘಮಘಮ ಅನ್ನುತ್ತದೆ, ಆದರೆ ಕೊಲ್ಲುವಂಥ ವಿಷ. ತಿಂದ ಕೆಲವು ಗಂಟೆಗಳಲ್ಲೋ ಮರುದಿನವೋ ವಾಂತಿ, ರಕ್ತಭೇದಿ. ನಾಯಿ ಇರುವ ಮನೆಗೆ ಅದನ್ನು ತರಲೇಬೇಡಿ, ಸೆಗಣಿ ಗೊಬ್ಬರ ಸಾಕು.

ಇನ್ನು ಬಾಯಿ. ನಮ್ಮ ಕಡೆ ಯುಗಾದಿಯ ಮಾರನೇ ದಿನ ಹೊಸತೊಡಕು, ಮೈಸೂರು ಮಂಡ್ಯದಲ್ಲಿ ಅವತ್ತು ಮಟನ್ ಇಲ್ಲದ ಮನೆ ಹುಡುಕಬೇಕು. ಊಟ ಮುಗಿದ ಮೇಲೆ ತಟ್ಟೆಯ ಮೂಳೆಯೆಲ್ಲ ನಾಯಿಗೆ. ಬೆಂದ ಮೂಳೆ ಸಿಬಿರು ಸಿಬಿರಾಗಿ ಒಡೆದು ಗಂಟಲಿನಲ್ಲೋ ಕರುಳಿನಲ್ಲೋ ಚುಚ್ಚಿಕೊಳ್ಳುತ್ತದೆ. ಸಾರಿನಲ್ಲಿ ಈರುಳ್ಳಿ, ಬೆಳ್ಳುಳ್ಳಿ ಇರುವುದು ಅದರ ಮೇಲೆ, ಅವು ನಾಯಿಯ ರಕ್ತಕಣ ಒಡೆಯುತ್ತವೆ. ಅದಕ್ಕೂ ಹಬ್ಬ ಬೇಕು ಅಂದರೆ ಮಸಾಲೆ ಹಾಕುವುದಕ್ಕೆ ಮುಂಚೆ ನಾಲ್ಕು ತುಂಡು ಮಾಂಸ ಬೇರೆ ಬೇಯಿಸಿಡಿ. ಒಬ್ಬಟ್ಟಿನ ಅಂಚು ಒಂದು ಚೂರು ಕೊಟ್ಟರೆ ಏನೂ ಆಗುವುದಿಲ್ಲ, ತುಪ್ಪ ಸುರಿದ ಇಡೀ ಒಬ್ಬಟ್ಟು ಕೊಟ್ಟರೆ ರಾತ್ರಿಯೆಲ್ಲ ನೀವು ಎದ್ದಿರಬೇಕಾಗುತ್ತದೆ.

ಪಾಯಸದ ಒಣದ್ರಾಕ್ಷಿ ಒಂದೂ ಬೇಡ, ಹಸಿ ದ್ರಾಕ್ಷಿಯೂ ಬೇಡ, ಕೆಲವು ನಾಯಿಗಳಿಗೆ ಮೂತ್ರಪಿಂಡವೇ ಕೆಡುತ್ತದೆ. ಕಾರಣ ಏನೆಂದು ಬಹಳ ಕಾಲ ಗೊತ್ತಿರಲಿಲ್ಲ. 2021ರಿಂದ ಪಶುವೈದ್ಯರ ಅನುಮಾನ ಟಾರ್ಟಾರಿಕ್ ಆಮ್ಲದ ಮೇಲೆ. ಅದು ಇನ್ನೆಲ್ಲಿ ಹೇರಳವಾಗಿದೆ ಹೇಳಿ? ಹುಣಸೆಹಣ್ಣಿನಲ್ಲಿ. ನಮ್ಮಲ್ಲಿ ಹುಣಸೆ ಬಡಿದು, ಕುಟ್ಟಿ, ಅಂಗಳದಲ್ಲಿ ಒಣಹಾಕುವುದು ಇದೇ ತಿಂಗಳುಗಳಲ್ಲಿ. ಆ ಚಾಪೆಯ ಹತ್ತಿರ ನಾಯಿಯನ್ನು ಬಿಡಬೇಡಿ.

ಮಾವು ಕೊಡಬಹುದು. ಸಿಪ್ಪೆ ತೆಗೆದ ಹೋಳು, 20 ಕೆಜಿ ನಾಯಿಗೆ ಮೂರು ನಾಲ್ಕು. ವಾಟೆ ಮಾತ್ರ ಕೊಡಬೇಡಿ. ಚೀಪುತ್ತದೆ ಅಂತ ಕೊಡುತ್ತೇವೆ, ಒಂದು ಹೊತ್ತಿನಲ್ಲಿ ನುಂಗಿಬಿಡುತ್ತದೆ, ಜಾರುವ ವಸ್ತು. ಅದು ಕರುಳಿನಲ್ಲಿ ಸಿಕ್ಕಿದರೆ ನೀರು ಕುಡಿದರೂ ವಾಂತಿ, ಕಕ್ಕಸಿಲ್ಲ, ಕೊನೆಗೆ ಆಪರೇಷನ್. ಕಸದ ಬುಟ್ಟಿಗೆ ಮುಚ್ಚಳವಿರಲಿ, ಮೇ ತಿಂಗಳ ವಾಟೆಗಳೆಲ್ಲ ಅಲ್ಲೇ ಸಿಗುವುದು. ತಂಪಿಗೆ ನಮ್ಮ ರಾಗಿ ಅಂಬಲಿಗಿಂತ ಬೇರೆ ಬೇಡ. ಒಂದು ಚಮಚ ಹಿಟ್ಟು, ಒಂದು ಲೋಟ ನೀರು, ಗಂಟಿಲ್ಲದೆ ಕಾಯಿಸಿ, ಪೂರ್ತಿ ಆರಿಸಿ, ಎರಡು ಚಮಚ ಮೊಸರು ಕದಡಿ. ಉಪ್ಪು, ಈರುಳ್ಳಿ, ಮೆಣಸಿನಕಾಯಿ ನಿಮ್ಮ ಲೋಟಕ್ಕೆ ಹಾಕಿಕೊಳ್ಳಿ. ಉಳಿದದ್ದನ್ನು ಐಸ್ ಟ್ರೇಗೆ ಹುಯ್ದಿಟ್ಟರೆ ಮಧ್ಯಾಹ್ನ ಒಂದೊಂದು ಗಡ್ಡೆ ನೆಕ್ಕುತ್ತಾ ಕೂರುತ್ತದೆ. ಕುಡಿಯುವ ನೀರು ಕೆಜಿ ತೂಕಕ್ಕೆ ದಿನಕ್ಕೆ 50-60 ಮಿಲಿ ಲೆಕ್ಕ, ಬಿಸಿಲಿಗೆ ಇನ್ನೂ ಹೆಚ್ಚು.

ಏದುಸಿರು ನಿಲ್ಲದಿದ್ದರೆ, ಒಸಡು ಇಟ್ಟಿಗೆ ಕೆಂಪಾದರೆ, ತೂರಾಡಿದರೆ ಅದು ಬಿಸಿಲಿನ ಹೊಡೆತ. ನಾಯಿಯ ಮೈಬಿಸಿ 38.3ರಿಂದ 39.2 ಡಿಗ್ರಿ ಇರಬೇಕು, 41 ಆದರೆ ಜೀವಕ್ಕೆ ಅಪಾಯ. ಮೊದಲು ನಲ್ಲಿ ನೀರು ಹುಯ್ಯಿರಿ, ಫ್ಯಾನ್ ಹಾಕಿ, ಆಮೇಲೆ ಆಟೋ ಕರೆಯಿರಿ. ಒದ್ದೆ ಟವೆಲ್ ಹೊದಿಸಿ ಬಿಟ್ಟುಬಿಡಬೇಡಿ, ಎರಡೇ ನಿಮಿಷಕ್ಕೆ ಅದು ಕಂಬಳಿಯಾಗುತ್ತದೆ. ಪಗ್ ಸಾಕಿರುವವರು ಈ ಮಾತನ್ನು ಎರಡು ಸಲ ಕೇಳಿಸಿಕೊಳ್ಳಿ, ಆ ಚಪ್ಪಟೆ ಮೂತಿಗೆ ಕಾವು ಹೊರಹಾಕುವ ಶಕ್ತಿಯೇ ಕಮ್ಮಿ.

ಉಣ್ಣೆ. ಕುರಿಯ ಉಣ್ಣೆಯಲ್ಲ, ರಕ್ತ ಹೀರುವುದು. ರಕ್ತ ಕುಡಿದು ಊದಿದ ಹೆಣ್ಣುಣ್ಣೆ ನೋಡಲು ಥೇಟ್ ಹರಳುಬೀಜ. ಹರಳು ಗಿಡದ ಶಾಸ್ತ್ರೀಯ ಹೆಸರು ರಿಸಿನಸ್, ಲ್ಯಾಟಿನ್ ಭಾಷೆಯಲ್ಲಿ ಹಾಗೆಂದರೆ ಉಣ್ಣೆಯೇ. ಅವರಿಗೂ ಹಾಗೇ ಕಂಡಿರಬೇಕು. ಸೆಕೆ ಏರಿದ ಹಾಗೆ ಇವುಗಳ ಸಂತಾನವೂ ಏರುತ್ತದೆ. ನಡಿಗೆಯಿಂದ ಬಂದು ಪಾದ ಒರೆಸುವಾಗಲೇ ಬೆರಳ ಸಂದು, ಕಿವಿಯ ಮಡಿಕೆ, ಕೊರಳಪಟ್ಟಿಯ ಕೆಳಗೆ, ಬಾಲದ ಬುಡ ಸವರಿ ನೋಡಿ. ನಾಯಿಗೆ ಇದು ಮುದ್ದು, ನಿಮಗೆ ತಪಾಸಣೆ. ಸಿಕ್ಕರೆ ಚಿಮುಟದಿಂದ ಚರ್ಮಕ್ಕೆ ತಾಗುವಷ್ಟು ಹತ್ತಿರ ಹಿಡಿದು, ತಿರುಚದೆ, ಒಂದೇ ಸಮನೆ ನೇರಕ್ಕೆ ಎಳೆಯಿರಿ. ಸೀಮೆಎಣ್ಣೆ ಹಾಕುವುದು, ಬೆಂಕಿಕಡ್ಡಿ ತಾಗಿಸುವುದು ಬೇಡ. ಉಗುರಲ್ಲಿ ಕುಕ್ಕಬೇಡಿ, ಸೋಪು ನೀರಿಗೆ ಹಾಕಿ ಮುಚ್ಚಿ. ನಾಯಿಯ ಮೇಲೆ ಸಿಕ್ಕಿದ್ದಕ್ಕಿಂತ ಹೆಚ್ಚು ಗೋಡೆಯ ಬಿರುಕಿನಲ್ಲಿ, ಬಾಗಿಲ ಚೌಕಟ್ಟಿನ ಹಿಂದೆ ಇರುತ್ತವೆ. ಒಂದೊಂದು ಹೆಣ್ಣೂ ಸಾವಿರಗಟ್ಟಲೆ ಮೊಟ್ಟೆ ಇಡುವುದು ಅಲ್ಲೇ. ದನಕ್ಕೆ ಹಾಕುವ ಔಷಧವನ್ನು ಅಂದಾಜಿನಲ್ಲಿ ನಾಯಿಗೆ ಬಳಿಯಬೇಡಿ. ತೂಕ ಹೇಳಿ ವೈದ್ಯರಿಂದ ಬರೆಸಿಕೊಳ್ಳಿ. ಜ್ವರ, ಊಟ ಬಿಡುವುದು, ಒಸಡು ಬಿಳಚುವುದು, ಮೂಗಿನಿಂದ ರಕ್ತ, ಕಾಫಿ ಬಣ್ಣದ ಮೂತ್ರ, ಇದರಲ್ಲಿ ಒಂದು ಕಂಡರೂ ಅದೇ ದಿನ ರಕ್ತ ಪರೀಕ್ಷೆ ಆಗಬೇಕು.

ಕೊನೆಯದಾಗಿ ಮಳೆ. ಏಪ್ರಿಲ್ ಕೊನೆಗೆ ಭರಣಿ ಮಳೆ ಬರುತ್ತದೆ. ಗುಡುಗಿಗೆ ಹೆದರುವ ನಾಯಿಯನ್ನು ಮಂಚದ ಕೆಳಗಿಂದ ಎಳೆಯಬೇಡಿ, ಅಲ್ಲೇ ಒಂದು ಹಳೆ ಸೀರೆ ಹಾಸಿ. ನಿಂತ ಮೇಲೆ, ನೆಲ ಇನ್ನೂ ಒದ್ದೆಯಿರುವಾಗ, ಹತ್ತು ನಿಮಿಷ ಹೊರಗೆ ಕರೆದುಕೊಂಡು ಹೋಗಿ. ಆ ಮಣ್ಣಿನ ವಾಸನೆಗೆ ನಾವೇ ಬಾಗಿಲಿಗೆ ಬರುತ್ತೇವೆ, ಅದರ ಮೂಗಿಗೆ ಏನಾಗುತ್ತಿರಬೇಕು ಲೆಕ್ಕ ಹಾಕಿ. ತಿಂಗಳಿಂದ ಒಣಗಿದ್ದ ವಾಸನೆಗಳೆಲ್ಲ ತೇವಕ್ಕೆ ಮೇಲೇಳುತ್ತವೆ. ಮೊನ್ನೆ ಮೂಸಿ ಮುಗಿಸಿದ ಹೊಂಗೆ ಬುಡವನ್ನೇ ಹೊಸದಾಗಿ ಶುರು ಮಾಡುತ್ತದೆ. ಬೀದಿ ದೀಪಕ್ಕೆ ಮುತ್ತುವ ಈಸಲು ಹುಳುವನ್ನು ನಾಲ್ಕು ಹಿಡಿದು ತಿಂದರೆ ತಿನ್ನಲಿ. ಮೈಯೆಲ್ಲ ಗುಳ್ಳೆಯಿರುವ ನೆಲಗಪ್ಪೆಯನ್ನು ಕಚ್ಚದ ಹಾಗೆ ನೋಡಿಕೊಳ್ಳಿ. ಕಚ್ಚಿ ನೊರೆ ಸುರಿಸಲು ಶುರು ಮಾಡಿದರೆ ಮೂತಿ ಕೆಳಗೆ ಬಾಗಿಸಿ, ಒದ್ದೆ ಬಟ್ಟೆಯಿಂದ ಒಸಡು, ನಾಲಿಗೆಯನ್ನು ಒಳಗಿಂದ ಹೊರಕ್ಕೆ ಐದು ಹತ್ತು ನಿಮಿಷ ಒರೆಸುತ್ತಿರಿ, ಬಟ್ಟೆ ಆಗಾಗ ಜಾಲಿಸಿ. ಬಾಯಿಗೆ ನೇರ ನೀರು ಹುಯ್ದರೆ ವಿಷ ಒಳಗೇ ಇಳಿಯುತ್ತದೆ. ನಡುಕ ಬಂದರೆ, ತೂರಾಡಿದರೆ ಒರೆಸುತ್ತಲೇ ವೈದ್ಯರ ಹತ್ತಿರ ಹೊರಡಿ. ಏನೂ ಆಗದೆ ಸುಮ್ಮನೆ ನೆನೆದು ಬಂದಿದ್ದರೆ, ಒಣ ಟವೆಲಿನಲ್ಲಿ ಮೊದಲು ಕಿವಿ ಒರೆಸಿ, ಆಮೇಲೆ ಹೊಟ್ಟೆ, ಕೊನೆಗೆ ಪಾದ. ಮೈ ಒದರುವುದನ್ನು ಅದು ಹೇಗೂ ಹಾಲಿನ ನಡುವೆ ನಿಂತೇ ಮಾಡುತ್ತದೆ, ಸೋಫಾದ ಮೇಲೆ ಹಳೆ ಬೆಡ್‌ಶೀಟ್ ಹಾಕಿಟ್ಟಿರಿ.